ನೆಟ್ಟಗಾದ ಸೊಂಟ, ಬಾಗಿದ ಮನುಷ್ಯ

(ಪುಣೆಯ ಖಡಕಿಯ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಒಬ್ಬರ ಹೆಸರು ಇರುತ್ತದೆ. ಇದಕ್ಕಿಲ್ಲ. ತಾಯಿಯ ನೆನಪಿಗೆ ಹಣ ಇಟ್ಟ ಮಕ್ಕಳು ಆಮಂತ್ರಣದಲ್ಲಿ ತಾಯಿಯ ಹೆಸರು ಹಾಕುವುದು ಬೇಡ ಎಂದರು. "ಅವ್ವಗ ಹೆಸರು ಹೇಳಿಸ್ಕೊಳ್ಳೋದು ಸೇರತಿದ್ದಿಲ್ಲರಿ. ಆಕಿ ಬೆನ್ನು ಯಾಕ ಹಂಗಾತು ಅನ್ನೋದನ್ನ ನಾಕು ಮಂದಿಗೆ ತಿಳಿಯೋ ಹಂಗ ಕನ್ನಡದಾಗ ಹೇಳ್ರಿ, ಅಷ್ಟ ಸಾಕು" ಎಂದು ಹಿರಿಯ ಮಗ ಹೇಳಿದರು. ಹೀಗಾಗಿ ಇವತ್ತು ನಾನು ಆ ತಾಯಿಯನ್ನು ಅವ್ವ ಎಂದೇ ಕರೆಯುತ್ತೇನೆ. ಎದುರಿಗೆ ಕೂತಾಗಲೂ ಹಾಗೇ ಕರೆಯುತ್ತಿದ್ದೆ.

ಅವ್ವ ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಯಜಮಾನರಿಗೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ. 1869ರಿಂದ ನಡೆಯುತ್ತಿರುವ ಆ ಕಾರ್ಖಾನೆಯ ಭೋಂಗಾದ ಕೂಗಿನ ಮೇಲೆ ಖಡಕಿಯ ಎಷ್ಟು ಕನ್ನಡ ಮನೆಗಳ ಒಲೆ ಹೊತ್ತುತ್ತಿತ್ತು ಎಂಬುದು ನನಗಿಂತ ನಿಮಗೇ ಹೆಚ್ಚು ಗೊತ್ತು. ನಲವತ್ತು ದಾಟಿದ ಮೇಲೆ ಅವ್ವನಿಗೆ ಎಡಗಾಲಿನಲ್ಲಿ ಎಳೆತ ಶುರುವಾಯಿತು. "ಮಣಕದಾಗ ಗ್ಯಾಪ್ ಬಂದದ, ನರ ಒತ್ತೇದ" ಎಂದರು. ಆಪರೇಶನ್ ಆಯಿತು, ಕಾಲಿನ ನೋವು ಹೋಯಿತು. ಕೆಲವು ವರ್ಷದ ಮೇಲೆ ಸೊಂಟ ಮತ್ತೆ ಹಿಡಿಯಿತು. ಮತ್ತೊಂದು ಆಪರೇಶನ್, ಈ ಸಲ ರಾಡು, ಸ್ಕ್ರೂ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಎರಡನೆಯ ಆಪರೇಶನ್ ಆದ ಮೇಲೆ ಅವ್ವ ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಮುಂದಕ್ಕೆ ಬಾಗುತ್ತ ಬಂದರು.

ಫಿಸಿಯೋಥೆರಪಿಗೆಂದು ಅವರು ನನ್ನ ಬಳಿಗೆ ಬಂದಾಗ ನನಗೆ ಮೂವತ್ತೈದು ವರ್ಷ. ಮೊದಲ ಕೆಲವು ತಿಂಗಳು ನಾನು ಅವರಿಗೆ ಹೇಳಿದ್ದು ಒಂದೇ ಮಾತು: "ಅವ್ವಾರ, ನೆಟ್ಟಗ ನಿಲ್ರಿ." ಅವರು ಗೋಡೆ ಹಿಡಿದು, ತುಟಿ ಕಚ್ಚಿ ಎದ್ದು ನಿಲ್ಲುತ್ತಿದ್ದರು. ಎರಡು ನಿಮಿಷ. ಆಮೇಲೆ ಮೊಣಕಾಲು ಮಡಚಿಕೊಳ್ಳುತ್ತಿದ್ದವು. ಒಂದು ದಿನ ಹೇಳಿದರು: "ತಂಗಿ, ನಾ ನೆಟ್ಟಗ ಅದೀನಿ. ನೆಲಾನ ಮ್ಯಾಲೆ ಏಳತದ." ಆ ಮಾತು ನಿಜವಾಗಿತ್ತು. ಅದು ಹೇಗೆ ನಿಜ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಇವತ್ತಿನ ಉಪನ್ಯಾಸ ಅದರ ಬಗ್ಗೆಯೇ.

ವಿಷಯಕ್ಕೆ ಬರುವ ಮೊದಲು ಒಂದು ಮಾತು ಹೇಳಲೇಬೇಕು. ಓಣಿಯ ಹುಡುಗರು ಅವ್ವನನ್ನು ಮಂಥರೆ ಎನ್ನುತ್ತಿದ್ದರಂತೆ. ಕಥೆ ಕೇಳಿ ಬೆಳೆದವರು ನಾವು. ಗೂನು ಬೆನ್ನು ಕಂಡರೆ ಒಳಗೆ ಕೇಡು ಇದೆ ಎಂದುಕೊಳ್ಳುವುದು ಕಥೆಯಿಂದಲೇ ಬಂದ ಅಭ್ಯಾಸ. ನಮ್ಮದೇ ಪುರಾಣದಲ್ಲಿ ಇನ್ನೊಬ್ಬಳೂ ಇದ್ದಾಳೆ. ಮಥುರೆಯ ಬೀದಿಯಲ್ಲಿ ಗಂಧ ಹೊತ್ತು ಹೊರಟ ಕುಬ್ಜೆ. ಭಾಗವತದ ಕೃಷ್ಣ ಅವಳ ಪಾದಗಳನ್ನು ತನ್ನ ಕಾಲಿನಿಂದ ಒತ್ತಿ ಹಿಡಿದು, ಎರಡು ಬೆರಳಿನಿಂದ ಗದ್ದ ಎತ್ತಿ ಅವಳನ್ನು ನೆಟ್ಟಗೆ ಮಾಡಿದ. ಕೆಳಗೆ ಬಿಗಿಹಿಡಿದು ಮೇಲಕ್ಕೆ ಎಳೆಯುವುದು. ಆಸ್ಪತ್ರೆಯಲ್ಲಿ ನಾವು ಟ್ರ್ಯಾಕ್ಷನ್ ಎನ್ನುವುದರ ರೀತಿಯೂ ಇದೇ. ಕಥೆ ಹೇಳುವಾಗ ಮಕ್ಕಳಿಗೆ ಮಂಥರೆಯ ಜತೆ ಕುಬ್ಜೆಯನ್ನೂ ಹೇಳಿ ಎಂದು ನನ್ನ ಬೇಡಿಕೆ.

ಈಗ ಬೆನ್ನಿನ ಮಾತು. ಎದುರಿನಿಂದ ನೋಡಿದರೆ ಒಳ್ಳೆಯ ಬೆನ್ನು ನೆಟ್ಟಗೇ ಕಾಣುತ್ತದೆ. ಪಕ್ಕದಿಂದ ನೋಡಿ. ಕುತ್ತಿಗೆ ಮುಂದಕ್ಕೆ ಬಾಗಿದೆ, ಎದೆಯ ಹಿಂಭಾಗ ಹಿಂದಕ್ಕೆ, ಸೊಂಟ ಮತ್ತೆ ಮುಂದಕ್ಕೆ. ಹುಟ್ಟಿದ ಕೂಸಿಗೆ ಈ ಮೂರು ಬಾಗು ಇರುವುದಿಲ್ಲ, ಅದರ ಬೆನ್ನು ಬಿಲ್ಲಿನ ಹಾಗೆ ಒಂದೇ ಬಾಗು. ಕೂಸು ಕತ್ತು ನಿಲ್ಲಿಸಿದಾಗ ಕುತ್ತಿಗೆಯ ಬಾಗು ಮೂಡುತ್ತದೆ, ಗೋಡೆ ಹಿಡಿದು ಎದ್ದು ನಿಂತಾಗ ಸೊಂಟದ ಬಾಗು. ನಾಲ್ಕೈದು ಕಿಲೋ ತೂಗುವ ತಲೆ ಈ ಬಾಗುಗಳ ದೆಸೆಯಿಂದ ಸರಿಯಾಗಿ ನಡುವಿನ ಮೇಲೆ, ನಡು ಪಾದಗಳ ಮೇಲೆ ನಿಲ್ಲುತ್ತದೆ. ಹಾಗೆ ನಿಂತಾಗ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ಪ್ಯಾರಿಸಿನ ಡಾ. ಜ್ಯಾಂ ದ್ಯುಬುಸೆ ಇದನ್ನು ಒಂದು ಶಂಕುವಿನ ಚಿತ್ರದಿಂದ ವಿವರಿಸಿದರು. ಪಾದ ಶಂಕುವಿನ ತುದಿ, ದೇಹ ಅದರ ಒಳಗೆ ಸಣ್ಣಗೆ ತೂಗುತ್ತಿರುವವರೆಗೆ ನಿಲ್ಲುವುದು ಸಲೀಸು, ಹೊರಗೆ ಹೋದರೆ ಪ್ರತಿ ಗಳಿಗೆಯೂ ದುಡಿಮೆ.

ಸೊಂಟದ ಬಾಗಿನಲ್ಲಿ ಮೂರರಲ್ಲಿ ಎರಡು ಪಾಲು ಇರುವುದು ತೀರ ಕೆಳಗಿನ ಎರಡು ಮಣಿಗಳ ಮಟ್ಟದಲ್ಲಿ. ಡಿಸ್ಕ್ ಜಾರುವುದು, ನರ ಒತ್ತುವುದು, ಆಪರೇಶನ್ ಆಗುವುದು ಹೆಚ್ಚಾಗಿ ಅಲ್ಲೇ. ಇದನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ಸಂಗತಿ. ಮಣಿಗಳ ಮುಂಭಾಗ ಭಾರ ಹೊರುತ್ತದೆ, ಹಿಂಭಾಗ ಎಳೆದು ಹಿಡಿಯುತ್ತದೆ. ಗಣಪತಿ ಹಬ್ಬಕ್ಕೆ ಓಣಿಯಲ್ಲಿ ಮಂಟಪ ಕಟ್ಟುವುದನ್ನು ನೋಡಿದ್ದೀರಿ. ಮುಂದಕ್ಕೆ ವಾಲುವ ಕಂಬಕ್ಕೆ ಹಿಂದಿನಿಂದ ಹಗ್ಗ ಬಿಗಿದಿರುತ್ತಾರೆ. ನಮ್ಮ ಬೆನ್ನಲ್ಲಿ ಆ ಹಗ್ಗ ಎಂದರೆ ಮಣಿಗಳ ಹಿಂಬದಿಯ ಮೂಳೆಯ ಕಮಾನು, ಕಮಾನಿನಿಂದ ಕಮಾನಿಗೆ ಹಾದ ನಾರಿನ ಪಟ್ಟಿ, ಎರಡೂ ಬದಿಯ ಪುಟ್ಟ ಕೀಲುಗಳು, ಇವಕ್ಕೆಲ್ಲ ಅಂಟಿಕೊಂಡ ಸ್ನಾಯು. ಬೆನ್ನುಹುರಿ ಹೋಗುವುದು ಈ ಕಮಾನಿನ ಅಡಿಯಲ್ಲಿ. ಹುರಿಯನ್ನೋ ನರವನ್ನೋ ತಲುಪಬೇಕಾದರೆ ವೈದ್ಯರಿಗೆ ಹತ್ತಿರದ ದಾರಿ ಕಮಾನನ್ನು ತೆಗೆಯುವುದು. ಅದಕ್ಕೆ ಲ್ಯಾಮಿನೆಕ್ಟಮಿ ಎಂದು ಹೆಸರು. ಒಳಗಿನ ಹುರಿಯನ್ನು ಬಿಡಿಸಲು ಹೋಗಿ ಹಿಂದಿನ ಹಗ್ಗವನ್ನು ಕತ್ತರಿಸಬೇಕಾಗುತ್ತದೆ. ಎಷ್ಟು ಕತ್ತರಿಸಿದರು, ಎಲ್ಲಿ, ಎಷ್ಟು ವಯಸ್ಸಿನವರಿಗೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ಆಪರೇಶನ್‌ಗೆ ದೊಡ್ಡ ಗೌರವ ಸಲ್ಲಬೇಕು. 1887ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಕಮಾನು ತೆಗೆದು ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯನ್ನು ಹೊರತೆಗೆದರು. ಕಾಲು ಬಿದ್ದುಹೋಗಿದ್ದ ರೋಗಿ ಮತ್ತೆ ನಡೆದಾಡಿದರು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಕಾಲಿನ ಎಳೆತಕ್ಕೆ ಜಾರಿದ ಡಿಸ್ಕ್ ಕಾರಣವಾಗಬಲ್ಲದು ಎಂದು ತೋರಿಸಿದ ಮೇಲೆ ಲೋಕದ ತುಂಬ ಬೆನ್ನುಗಳು ತೆರೆದುಕೊಂಡವು. ಲಕ್ಷಾಂತರ ಜನರ ನೋವು ಇಳಿಯಿತು. ನೋವು ಇಳಿದದ್ದು ಮರುದಿನವೇ ಕಾಣುತ್ತದೆ. ಬೆನ್ನು ಬಾಗುವುದು ಮರುದಿನ ಕಾಣುವುದಿಲ್ಲ, ಐದು ಹತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿಯ ಊರು ಬದಲಾಗಿರುತ್ತದೆ, ವೈದ್ಯರೂ ಬದಲಾಗಿರುತ್ತಾರೆ.

ಈ ಅಪಾಯವನ್ನು ಗಟ್ಟಿಯಾಗಿ ಹೇಳಿದವರಲ್ಲಿ ಯುದ್ಧದಲ್ಲಿ ಬೆನ್ನುಮುರಿದವರ ಜತೆ ಬದುಕಿದ ವೈದ್ಯರು ಮುಖ್ಯರು. ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಅಂಥವರಿಗಾಗಿ ಕೇಂದ್ರ ತೆರೆದರು. ಮುರಿದ ಬೆನ್ನಿನ ಕಮಾನನ್ನು ಅವಸರದಲ್ಲಿ ತೆಗೆಯುವುದನ್ನು ಅವರು ಜೀವನಪೂರ್ತಿ ವಿರೋಧಿಸಿದರು. ಮೂಳೆ ಮುಂದೆ ಮುರಿದಿದೆ, ಹಿಂದೆ ಉಳಿದ ಆಸರೆಯನ್ನು ನೀವು ತೆಗೆಯುತ್ತೀರಿ, ಇನ್ನು ಬೆನ್ನು ನಿಲ್ಲುವುದು ಯಾವುದರ ಮೇಲೆ ಎಂಬುದು ಅವರ ವಾದದ ತಿರುಳು. ಶೆಫೀಲ್ಡ್‌ನಲ್ಲಿ ಕಲ್ಲಿದ್ದಲ ಗಣಿ ಕುಸಿದು ಬೆನ್ನುಮುರಿದವರನ್ನು ನೋಡುತ್ತಿದ್ದ ಫ್ರ್ಯಾಂಕ್ ಹೋಲ್ಡ್ಸ್‌ವರ್ತ್ ಅವರೂ ಇದನ್ನೇ ಕಂಡುಕೊಂಡರು. ಹಿಂಬದಿಯ ನಾರಿನ ಕಟ್ಟು ಉಳಿದಿದೆಯೋ ಹರಿದಿದೆಯೋ ಎಂಬುದೇ ಬೆನ್ನಿನ ಮುಂದಿನ ಗತಿಯನ್ನು ತೀರ್ಮಾನಿಸುತ್ತದೆ ಎಂದರು.

ಖಡಕಿಯಲ್ಲಿ ನಿಂತು ಈ ಮಾತು ಆಡುವಾಗ ನನಗೆ ಬೇರೆಯೇ ಭಾವ ಬರುತ್ತದೆ. ನಾವಿರುವ ಊರು ಬೆನ್ನುಹುರಿಗೆ ಪೆಟ್ಟಾದವರ ಊರೂ ಹೌದು. ಗಾಯಾಳು ಸೈನಿಕರಿಗೆ ಕಸಬು ಕಲಿಸಲು 1917ರಲ್ಲಿ ಶುರುವಾದ ಕ್ವೀನ್ ಮೇರಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇಲ್ಲಿದೆ. 1965 ಮತ್ತು 1971ರ ಯುದ್ಧಗಳಾದ ಮೇಲೆ, 1974ರಲ್ಲಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ಇಲ್ಲೇ ಶುರುವಾಯಿತು. ಗಾಲಿಕುರ್ಚಿಯವರಿಗೆ ಬಾಗಿದ ಬೆನ್ನು ಎಂದರೆ ನೋಟದ ಪ್ರಶ್ನೆ ಆಗಿರುವುದಿಲ್ಲ. ಬೆನ್ನು ಒಂದು ಬದಿಗೆ ವಾಲಿದರೆ ಕೂತಾಗ ಭಾರವೆಲ್ಲ ಒಂದೇ ಪೃಷ್ಠದ ಮೂಳೆಯ ಮೇಲೆ ಬೀಳುತ್ತದೆ. ಅಲ್ಲಿ ಸ್ಪರ್ಶ ತಿಳಿಯದು, ನೋವು ತಿಳಿಯದು. ಚರ್ಮ ಕೆಂಪಾಗುತ್ತದೆ, ಒಡೆಯುತ್ತದೆ, ಹುಣ್ಣು ಮೂಳೆಯವರೆಗೆ ಇಳಿಯುತ್ತದೆ. ಒಂದು ಹುಣ್ಣು ಮಾಯಲು ತಿಂಗಳುಗಟ್ಟಲೆ ಬೋರಲು ಮಲಗಬೇಕು. ಗಾಲಿಕುರ್ಚಿಯಲ್ಲಿ ಕೂತವರು ಆಗಾಗ ಎರಡೂ ಕೈಯೂರಿ ಮೈಯನ್ನು ಮೇಲಕ್ಕೆತ್ತುವುದನ್ನು ನೀವು ನೋಡಿರಬಹುದು. ಆ ಹುಣ್ಣನ್ನು ತಡೆಯಲೆಂದೇ ಹಾಗೆ ಮಾಡುತ್ತಾರೆ.

ಗುಟ್‌ಮನ್ ಇನ್ನೊಂದು ಕೆಲಸವನ್ನೂ ಮಾಡಿದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ತಮ್ಮ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯವರಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಇಟ್ಟರು. ಅದು ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದ ಮುರಳೀಕಾಂತ ಪೇಟ್ಕರ್ ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯವರು. 1965ರ ಯುದ್ಧದಲ್ಲಿ ಗುಂಡು ತಿಂದ ಸೈನಿಕ, ಮುಂದೆ ಪುಣೆಯಲ್ಲೇ ಕೆಲಸ ಮಾಡಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೈಗೆ ಬಿದ್ದ ಗುಂಡುಗಳಲ್ಲಿ ಒಂದು ಬೆನ್ನಿನಲ್ಲೇ ಉಳಿಯಿತು ಎಂದು ಓದಿದಾಗೆಲ್ಲ ನಾನು ಯೋಚಿಸುವುದುಂಟು: ಬೆನ್ನಿನಲ್ಲಿ ಕೈಹಾಕುವುದು ಒಂದು ನಿರ್ಧಾರ, ಹಾಕದೆ ಬಿಡುವುದೂ ಅಷ್ಟೇ ಭಾರದ ನಿರ್ಧಾರ.

ನಮ್ಮ ಸೀಮೆಯಲ್ಲಿ ಬೆನ್ನು ಬಾಗಿಸುವ ಹಳೆಯ ರೋಗ ಕ್ಷಯ. 1779ರಲ್ಲಿ ಪರ್ಸಿವಲ್ ಪಾಟ್ ಬರೆದಿಟ್ಟ ರೋಗ, ಇವತ್ತಿಗೂ ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಪಾಲು ಭಾರತದಲ್ಲಿದ್ದಾರೆ. ಮೂಳೆಗೆ ತಗಲುವ ಕ್ಷಯದಲ್ಲಿ ಅರ್ಧದಷ್ಟು ಬೆನ್ನಿಗೇ ತಗಲುತ್ತದೆ. ಅದು ತಿನ್ನುವುದು ಮಣಿಯ ಮುಂಭಾಗವನ್ನು. ಮುಂದಿನ ಮೂಳೆ ಕುಸಿದು ಬೆನ್ನು ಮೂಲೆಯಂತೆ ಚೂಪಾಗಿ ಹಿಂದಕ್ಕೆ ಚಾಚುತ್ತದೆ, ಕಾಲು ಸೋಲುತ್ತವೆ. ಹಿಂದೆ ಇಂಥವರಿಗೂ ಹಿಂಬದಿಯ ಕಮಾನು ತೆಗೆಯುತ್ತಿದ್ದರು. ರೋಗ ಮುಂದಿನದನ್ನು ತಿಂದಿದೆ, ಆಪರೇಶನ್ ಹಿಂದಿನದನ್ನು ತೆಗೆದಿದೆ. ಗೂನು ಬೆಳೆಯದೆ ಏನು ಮಾಡೀತು? ಈಗ ಬೆನ್ನಿನ ಕ್ಷಯಕ್ಕೆ ಬರೀ ಲ್ಯಾಮಿನೆಕ್ಟಮಿ ಮಾಡಬಾರದು ಎಂಬುದು ಪಠ್ಯಪುಸ್ತಕದ ಮಾತಾಗಿದೆ. ಹಾಂಗ್‌ಕಾಂಗಿನಲ್ಲಿ ಹಾಜ್‌ಸನ್ ಮತ್ತು ಸ್ಟಾಕ್ 1956ರ ಹೊತ್ತಿಗೆ ಮುಂದಿನಿಂದಲೇ ಹೋಗಿ ಕೊಳೆತದ್ದನ್ನು ತೆಗೆದು ಮೂಳೆ ಕೂಡಿಸುವ ದಾರಿ ತೋರಿಸಿದರು. ವಾರಾಣಸಿಯಲ್ಲಿ ಡಾ. ಎಸ್. ಎಂ. ತುಲಿ ಇನ್ನೊಂದು ದಾರಿ ಹಾಕಿದರು. ಮೊದಲು ಮಾತ್ರೆ, ವಿಶ್ರಾಂತಿ, ಗಮನ. ಕಾಲು ಸೋಲುತ್ತಲೇ ಹೋದರೆ ಅಥವಾ ಔಷಧಕ್ಕೆ ಜಗ್ಗದಿದ್ದರೆ ಮಾತ್ರ ಕತ್ತರಿ. ಬಡ ದೇಶಕ್ಕೆ, ಹಾಸಿಗೆ ಕಡಿಮೆ ಇದ್ದ ಆಸ್ಪತ್ರೆಗಳಿಗೆ ಅದು ದೊಡ್ಡ ಉಪಕಾರವಾಯಿತು ಎಂಬುದು ನನ್ನ ಅಭಿಪ್ರಾಯ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ, ಇಲ್ಲಿ ತಾಯಂದಿರು ಕೂತಿದ್ದೀರಿ. ಮಗುವಿನ ಬೆನ್ನುಹುರಿಯಲ್ಲಿ ಗಡ್ಡೆ ಬಂತು ಎನ್ನಿ. ತೆಗೆಯಲೇಬೇಕು, ಎರಡನೆಯ ಮಾತಿಲ್ಲ. ನಾಲ್ಕು ಮಣಿಯ ಕಮಾನು ತೆಗೆದು ಗಡ್ಡೆ ಹೊರಗೆ ಬಂತು, ಮಗು ಓಡಾಡಿತು, ಮನೆಯವರು ಹರಕೆ ತೀರಿಸಿದರು. ಆದರೆ ಮಗು ಇನ್ನೂ ಬೆಳೆಯಬೇಕಲ್ಲ. ಹಿಂದೆ ಹಿಡಿಯುವ ಹಗ್ಗವಿಲ್ಲದೆ ಮುಂದಿನ ಮೂಳೆಗಳ ಮೇಲೆ ಒತ್ತಡ ಹೆಚ್ಚುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಬೆಳೆಯುವುದು ಕಡಿಮೆ, ಮಣಿಗಳು ಮುಂದೆ ಗಿಡ್ಡ ಹಿಂದೆ ಎತ್ತರವಾಗಿ ಬೆಣೆಯಂತಾಗುತ್ತವೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1982ರಲ್ಲಿ ತಮ್ಮ ರೋಗಿಗಳ ಲೆಕ್ಕ ಕೊಟ್ಟರು. ಹಲವು ಮಣಿಗಳ ಕಮಾನು ತೆಗೆಸಿಕೊಂಡವರಲ್ಲಿ 15 ವರ್ಷದೊಳಗಿನವರಿಗೆ ನೂರಕ್ಕೆ 46 ಮಂದಿಗೆ ಬೆನ್ನು ಕೆಟ್ಟಿತ್ತು, 15ರಿಂದ 24 ವರ್ಷದವರಲ್ಲಿ ನೂರಕ್ಕೆ 6. ಕುತ್ತಿಗೆ ಮತ್ತು ಎದೆಯ ಭಾಗಕ್ಕೆ ಅಪಾಯ ಹೆಚ್ಚು, ಸೊಂಟಕ್ಕೆ ಕಡಿಮೆ.

ಜಪಾನಿನವರು ಇದಕ್ಕೆ ಒಂದು ಉಪಾಯ ಕಂಡುಹಿಡಿದರು. 1977ರ ಸುಮಾರಿಗೆ ಹಿರಾಬಯಾಶಿ ಕುತ್ತಿಗೆಯ ಕಮಾನನ್ನು ಪೂರ್ತಿ ತೆಗೆಯುವುದರ ಬದಲು ಒಂದು ಬದಿ ಕೊಯ್ದು, ಇನ್ನೊಂದು ಬದಿಯನ್ನು ತಿರುಗಣಿಯಂತೆ ಉಳಿಸಿ, ಬಾಗಿಲು ಸರಿಸಿದ ಹಾಗೆ ತೆರೆದಿಟ್ಟರು. ಹುರಿಗೆ ಜಾಗ ಸಿಕ್ಕಿತು, ಬಾಗಿಲು ಮನೆಯಲ್ಲೇ ಉಳಿಯಿತು. ಮಕ್ಕಳಲ್ಲಿ ಈಗ ಕಮಾನನ್ನು ಒಂದೇ ತುಂಡಾಗಿ ಬಿಡಿಸಿ, ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಹೊಲಿದು ಕೂರಿಸುವ ರೂಢಿಯೂ ಇದೆ. ಹಾಗೆ ಮಾಡಿದರೂ ವರ್ಷ ವರ್ಷ ನೋಡುತ್ತಿರಬೇಕು. ಕೊಯಮತ್ತೂರಿನ ಡಾ. ಎಸ್. ರಾಜಶೇಖರನ್ ಬೆನ್ನಿನ ಕ್ಷಯ ವಾಸಿಯಾದ 61 ಮಕ್ಕಳನ್ನು ಸುಮಾರು 15 ವರ್ಷ ಹಿಂಬಾಲಿಸಿದರು. ಕೆಲವರಲ್ಲಿ ಗೂನು ತಾನಾಗಿ ಇಳಿದಿತ್ತು, ಕೆಲವರಲ್ಲಿ ರೋಗ ಹೋದ ಮೇಲೂ ಎತ್ತರದ ಜತೆಗೆ ಬೆಳೆದಿತ್ತು. ಯಾರಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಎಕ್ಸ್‌ರೇಯಲ್ಲಿ ಮೊದಲೇ ಕಾಣುವ ಗುರುತುಗಳನ್ನು ಅವರು ಹೇಳಿದರು. ಅವರು ನೋಡಿದ್ದು ಆಪರೇಶನ್ ಆಗದ ಮಕ್ಕಳನ್ನು. ಆದರೆ ಕತ್ತರಿ ಮುಟ್ಟಿದ ಮಗುವಿಗೂ ಅದೇ ಮಾತು ಸಲ್ಲುತ್ತದೆ: ರೋಗ ವಾಸಿಯಾಯಿತೆಂದು ಬೆನ್ನಿನ ಬೆಳವಣಿಗೆ ನಿಂತಿರುವುದಿಲ್ಲ. ಹದಿನಾರು ಹದಿನೇಳು ವರ್ಷದವರೆಗೆ, ಮೀಸೆ ಮೂಡುವ, ಮೈನೆರೆಯುವ ವರ್ಷಗಳಲ್ಲಿ ಮುಖ್ಯವಾಗಿ, ಮಗುವನ್ನು ಅಂಗಿ ಬಿಚ್ಚಿಸಿ ನಿಲ್ಲಿಸಿ ನೋಡಿ.

ಇನ್ನು ಅವ್ವನ ಬೆನ್ನು. ಇದಕ್ಕೆ ನಾನು ಅಮೆರಿಕದ ಹ್ಯೂಸ್ಟನ್‌ವರೆಗೆ ಹೋಗಿ ಬರಬೇಕು. ಪೋಲಿಯೊ ಹೊಡೆತಕ್ಕೆ ಸಿಕ್ಕ ಮಕ್ಕಳ ಬೆನ್ನು ಪಕ್ಕಕ್ಕೆ ಹಾವಿನಂತೆ ತಿರುಚಿಕೊಂಡು ಶ್ವಾಸಕೋಶವನ್ನೇ ಹಿಚುಕುತ್ತಿದ್ದ ಕಾಲ. ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಉಕ್ಕಿನ ಸರಳು ಮಾಡಿ, ಮೇಲೊಂದು ಕೆಳಗೊಂದು ಕೊಕ್ಕೆ ಸಿಕ್ಕಿಸಿ, ಜಾಕ್ ಎತ್ತಿದ ಹಾಗೆ ಬೆನ್ನನ್ನು ಹಿಗ್ಗಿಸಿ ನಿಲ್ಲಿಸಿದರು. 1962ರಲ್ಲಿ ಅವರ ಲೇಖನ ಬಂತು, ಸರಳು ಲೋಕದ ತುಂಬ ಹೋಯಿತು. ಸಾವಿರಾರು ಮಕ್ಕಳು ಬದುಕಿದರು. ಸರಳು ಎದೆಯ ಭಾಗದಲ್ಲೇ ನಿಂತಾಗ ತೊಂದರೆ ಕಡಿಮೆ. ಅದು ಸೊಂಟದ ಕೆಳಗಿನ ಮಣಿಯವರೆಗೆ, ಬೆನ್ನಿನ ಬುಡದ ತ್ರಿಕಾಸ್ಥಿಯವರೆಗೆ ಇಳಿದಾಗ ಸೊಂಟದ ಬಾಗನ್ನೂ ಎಳೆದು ಹಿಗ್ಗಿಸಿತು. ಬಾಗಿರಬೇಕಾದ ಜಾಗ ಹಲಗೆಯಾಯಿತು. ಮುಂದಿನ ದಶಕದಲ್ಲಿ ವೈದ್ಯರು ಆ ರೋಗಿಗಳನ್ನು ಮತ್ತೆ ಕಂಡಾಗ ಅವರು ಮುಂದಕ್ಕೆ ವಾಲಿ, ಮೊಣಕಾಲು ಮಡಚಿ ನಿಂತಿದ್ದರು. ಅದಕ್ಕೆ ಫ್ಲ್ಯಾಟ್‌ಬ್ಯಾಕ್ ಎಂದು ಹೆಸರಿಟ್ಟರು. ನಾನು ಕನ್ನಡದಲ್ಲಿ ಚಪ್ಪಟೆ ಸೊಂಟ ಎನ್ನುತ್ತೇನೆ.

ನೆಟ್ಟಗಿರುವುದೇ ಒಳ್ಳೆಯದು ಎಂದು ನಾವು ನಂಬಿದ್ದೇವೆ. ಮಗುವಿಗೆ ನೆಟ್ಟಗೆ ಕೂಡು ಎನ್ನುತ್ತೇವೆ, ಒಳ್ಳೆಯ ಆಳನ್ನು ನೆಟ್ಟಗಿನವ ಎನ್ನುತ್ತೇವೆ. ಸೊಂಟದ ಮಟ್ಟಿಗೆ ಈ ನಂಬಿಕೆ ತಪ್ಪು. ಸೊಂಟವನ್ನು ನೆಟ್ಟಗೆ ಮಾಡಿ ಬಿಗಿದುಬಿಟ್ಟರೆ ಅದರ ಮೇಲಿನ ಮನುಷ್ಯ ಬಾಗುತ್ತಾನೆ. ಮೊದಲು ಮೇಲಿನ ಬೆನ್ನು ಹಿಂದಕ್ಕೆ ಎಳೆದು ಸರಿದೂಗಿಸಲು ನೋಡುತ್ತದೆ, ಆಮೇಲೆ ಸೊಂಟದ ಕಟ್ಟು ಹಿಂದಕ್ಕೆ ಹೊರಳುತ್ತದೆ, ಅದೂ ಸಾಲದಾದಾಗ ಮೊಣಕಾಲು ಮಡಚುತ್ತದೆ. ಬಿಗಿದ ಮಣಿಗಳ ಮೇಲಿನ ಸಂದಿಗೆ ಎಲ್ಲ ಹೊರೆ ಬಿದ್ದು ಅದೂ ಮುರಿದು ಬಾಗಬಹುದು. 1980ರ ದಶಕದಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ ಬಾಗಿಸಿಯೇ ಕೂರಿಸುವ ಸರಳು ತಂದರು. ಈಗ ಸ್ಕ್ರೂ ಹಾಕುವ ಮೊದಲೇ ರೋಗಿಯ ಸೊಂಟಕ್ಕೆ ಎಷ್ಟು ಬಾಗು ಬೇಕೆಂದು ಅಳೆದು ಸರಳನ್ನು ಬಗ್ಗಿಸುತ್ತಾರೆ. ಅಳತೆ ತಪ್ಪಿದರೆ ಇಂದಿಗೂ ಚಪ್ಪಟೆ ಸೊಂಟವಾಗುತ್ತದೆ.

ಅವ್ವನಿಗೆ ಆದದ್ದು ಇದೇ. ಮೊದಲ ಆಪರೇಶನ್‌ನಲ್ಲಿ ಕಮಾನು, ಜತೆಗೆ ಒಂದು ಬದಿಯ ಕೀಲು ಹೋಗಿತ್ತು, ಮಣಿ ಮುಂದಕ್ಕೆ ಜಾರಿತ್ತು. ಎರಡನೆಯದರಲ್ಲಿ ಜಾರಿದ್ದನ್ನು ಬಿಗಿದರು, ನೆಟ್ಟಗೆ ಬಿಗಿದರು. ಇದನ್ನು ನಾನು ಎಕ್ಸ್‌ರೇಯಲ್ಲಿ ಕಾಣುವ ಮೊದಲು ಅವರ ಮೊಣಕೈಯಲ್ಲಿ ಕಂಡೆ. ಒಂದು ದಿನ ವ್ಯಾಯಾಮ ಮಾಡಿಸುತ್ತ ತೋಳು ಹಿಡಿದಾಗ ಎರಡೂ ಮೊಣಕೈಯ ಕೆಳಗೆ ಚರ್ಮ ಕಪ್ಪಗೆ, ದಪ್ಪಗೆ, ಒಂಟೆಯ ಮೊಣಕಾಲಿನಂತೆ ಗಟ್ಟಿಯಾಗಿತ್ತು. ಏನಿದು ಅವ್ವಾರ ಎಂದೆ. "ರೊಟ್ಟಿ ಬಡಿಯೂದು ಬ್ಯಾಡೇನು? ಎರಡು ರೊಟ್ಟಿ ಬಡದು ಕಟ್ಟಿ ಮ್ಯಾಲೆ ಕೈ ಊರತೀನಿ, ಮತ್ತ ಎರಡು ಬಡೀತೀನಿ." ಜೋಳದ ಹಿಟ್ಟಿನ ಕೈಯಲ್ಲೇ ಮೊಣಕೈ ಊರಿ, ಎದೆಯ ಭಾರವೆಲ್ಲ ಅದರ ಮೇಲೆ ಹಾಕಿ, ಹೆಂಚಿನ ಮೇಲಿನ ರೊಟ್ಟಿ ಉಬ್ಬುವವರೆಗೆ ಅವರು ಹಾಗೇ ನಿಂತಿರುತ್ತಿದ್ದರು. ಜಪಾನಿನಲ್ಲಿ ಬೆನ್ನು ಬಾಗಿದ ಹೆಂಗಸರಲ್ಲಿ ಇದೇ ಗುರುತನ್ನು ವೈದ್ಯರು ಗಮನಿಸಿ, ಅಡುಗೆಮನೆಯ ಮೊಣಕೈ ಎಂದು ಕರೆದಿದ್ದಾರೆ ಎಂದು ಆಮೇಲೆ ಓದಿದೆ. ಅಲ್ಲಿನವರು ಪಾತ್ರೆ ತೊಳೆಯುವ ಸಿಂಕಿನ ಅಂಚಿಗೆ ಊರುತ್ತಾರೆ, ನಮ್ಮವರು ರೊಟ್ಟಿಯ ಕಟ್ಟೆಗೆ.

ಅಂದಿನಿಂದ ನಾನು ಬೆನ್ನು ನೋವಿನ ಹೆಂಗಸರಿಗೆ ಮೊದಲು ಕೇಳುವುದು ಅಡುಗೆಮನೆಯ ಪ್ರಶ್ನೆ. ಎಷ್ಟು ಹೊತ್ತು ನಿಂತು ಅಡುಗೆ ಮಾಡುತ್ತೀರಿ? ಎಲ್ಲಿ ಕೈ ಊರುತ್ತೀರಿ? ಪೇಟೆಗೆ ಹೋದಾಗ ಖಾಲಿ ಕೈಯಲ್ಲಿ ನಡೆಯುವುದಕ್ಕಿಂತ ತಳ್ಳುಗಾಡಿ ಹಿಡಿದರೆ ಹಾಯೆನಿಸುತ್ತದೆಯೇ? ಬೆಳಗ್ಗೆ ನೆಟ್ಟಗಿದ್ದು ಸಂಜೆಗೆ ಬಾಗುತ್ತೀರಾ? ಈ ಉತ್ತರಗಳು ಎಂಆರ್‌ಐಯಲ್ಲಿ ಸಿಗುವುದಿಲ್ಲ. ಎಂಆರ್‌ಐ ತೆಗೆಯುವುದು ಮಲಗಿಸಿ. ಆಪರೇಶನ್ ಮಾಡುವುದೂ ಮಲಗಿಸಿ. ನರ ಎಲ್ಲಿ ಒತ್ತಿದೆ ಎಂದು ನೋಡಲು ಎಂಆರ್‌ಐ ಬೇಕೇ ಬೇಕು. ಮನುಷ್ಯ ಹೇಗೆ ನಿಲ್ಲುತ್ತಾನೆ ಎಂಬುದಕ್ಕೆ ನಿಂತು ತೆಗೆದ, ಕುತ್ತಿಗೆಯಿಂದ ತೊಡೆಯವರೆಗಿನ ಎಕ್ಸ್‌ರೇ ಬೇಕು. ಕುತ್ತಿಗೆಯ ಕೊನೆಯ ಮಣಿಯಿಂದ ಇಳಿಬಿಟ್ಟ ಗೆರೆ ತ್ರಿಕಾಸ್ಥಿಯ ಹಿಂದಿನ ಮೂಲೆಗಿಂತ ಸುಮಾರು ಐದು ಸೆಂಟಿಮೀಟರಿಗೂ ಮುಂದೆ ಬಿದ್ದರೆ ಬೆನ್ನು ಸಮತೋಲ ತಪ್ಪಿದೆ ಎಂದೇ ಅರ್ಥ.

ಆಪರೇಶನ್ ಮಾಡಿಸಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ, ಪಾದ ಎತ್ತಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿ ತಡ ಮಾಡಿದರೆ ಯಾವ ವ್ಯಾಯಾಮವೂ ಕಳೆದದ್ದನ್ನು ತಂದುಕೊಡುವುದಿಲ್ಲ. ಬರೀ ನೋವಿದ್ದಾಗ, ಅವಸರವಿಲ್ಲದಾಗ, ಕೇಳಿ: ಡಾಕ್ಟರೇ, ಎಷ್ಟು ಮಣಿ ಬಿಚ್ಚುತ್ತೀರಿ? ಕೀಲು ಉಳಿಯುತ್ತದೆಯೇ? ಬಿಗಿಯುವುದಾದರೆ ನನ್ನ ಸೊಂಟಕ್ಕೆ ಎಷ್ಟು ಬಾಗು ಕೊಡುತ್ತೀರಿ? ನಿಂತ ಎಕ್ಸ್‌ರೇ ತೆಗೆಸಲೇ? ಹೀಗೆ ಕೇಳಿದ್ದಕ್ಕೆ ಸಿಟ್ಟಾದ ಒಳ್ಳೆಯ ಸರ್ಜನ್‌ರನ್ನು ನಾನು ಇದುವರೆಗೆ ಕಂಡಿಲ್ಲ.

ಒಮ್ಮೆ ಹೀಗಾದ ಬೆನ್ನನ್ನು ತಿದ್ದಲು ಆಗುತ್ತದೆಯೇ ಎಂದು ಕೇಳುತ್ತೀರಿ. ಆಗುತ್ತದೆ, ಸುಲಭವಿಲ್ಲ. ಕೂಡಿಕೊಂಡ ಮೂಳೆಯನ್ನು ಬೆಣೆಯಾಕಾರದಲ್ಲಿ ಕೊಯ್ದು ತೆಗೆದು ಬಾಗನ್ನು ಮತ್ತೆ ಕೂರಿಸುತ್ತಾರೆ. ಬಾಸ್ಟನ್ನಿನ ಸ್ಮಿತ್ ಪೀಟರ್ಸನ್ 1945ರಲ್ಲಿ ಇದರ ಒಂದು ಬಗೆಯನ್ನು ತೋರಿಸಿದರು. ಈಗ ಒಂದೇ ಮಣಿಯ ಒಳಗಿಂದ ಬೆಣೆ ತೆಗೆದು ಸುಮಾರು 30 ಡಿಗ್ರಿ ಬಾಗನ್ನು ವಾಪಸು ತರುವುದೂ ಇದೆ. ರಕ್ತ ಬಹಳ ಹೋಗುತ್ತದೆ, ಹುರಿಗೂ ನರಕ್ಕೂ ಅಪಾಯ. ಯಂತ್ರಗಳಿಲ್ಲದ ಕಾಲದಲ್ಲಿ, 1970ರ ದಶಕದಲ್ಲಿ, ಫ್ರಾನ್ಸಿನ ಸ್ತಾನ್ಯಾರಾ ಅರ್ಧ ಆಪರೇಶನ್‌ನಲ್ಲೇ ರೋಗಿಯನ್ನು ಎಚ್ಚರಿಸಿ, ಹೆಸರು ಹಿಡಿದು ಕರೆದು, ಕಾಲ್ಬೆರಳು ಅಲ್ಲಾಡಿಸು ಎನ್ನುತ್ತಿದ್ದರು. ಬೆರಳು ಅಲ್ಲಾಡಿದರೆ ಮುಂದುವರಿಸುತ್ತಿದ್ದರು. ಈಗ ತಂತಿ ಹಚ್ಚಿ ಹುರಿಯ ಮಿಡಿತವನ್ನು ಪರದೆಯ ಮೇಲೆ ನೋಡುತ್ತಾರೆ, ಸಂದೇಹ ಬಂದರೆ ಇಂದಿಗೂ ಕರೆದು ಎಬ್ಬಿಸುತ್ತಾರೆ.

ಅವ್ವನಿಗೆ ಆ ಮೂರನೆಯ ಆಪರೇಶನ್ ಆಗಲಿಲ್ಲ. ಸಕ್ಕರೆ ರೋಗವಿತ್ತು, ಮೂಳೆ ಸವೆದಿತ್ತು, ಅವರಿಗೂ ಮನಸ್ಸಿರಲಿಲ್ಲ. ನಾನು ನೆಟ್ಟಗೆ ನಿಲ್ಲಿ ಎನ್ನುವುದನ್ನು ಬಿಟ್ಟೆ. ತೊಡೆಯ ಮುಂದಿನ ಸ್ನಾಯು ಸಡಿಲಾಗುವ ವ್ಯಾಯಾಮ, ಪೃಷ್ಠದ ಸ್ನಾಯುವಿಗೆ ಬಲ, ಕೈಗೆ ವಾಕರ್. ಮಗ ಅಡುಗೆಮನೆಯಲ್ಲಿ ಎತ್ತರದ ಸ್ಟೂಲು ಮಾಡಿಸಿಕೊಟ್ಟರು, ಅದರ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ಮೊಣಕೈಯ ಗಟ್ಟಿ ಚರ್ಮ ವರ್ಷದೊಳಗೆ ಸುಲಿದು ಮೆತ್ತಗಾಯಿತು. ನನಗೆ ಕರೆದು ತೋರಿಸಿದರು.

ಅವರ ಎಕ್ಸ್‌ರೇಗಳ ಲಕೋಟೆಯನ್ನು ಮಕ್ಕಳು ಇವತ್ತು ತಂದಿದ್ದಾರೆ, ಈ ಮೇಜಿನ ಮೇಲಿದೆ. ಒಳಗೆ ಏಳು ಫಿಲ್ಮುಗಳಿವೆ. ಮೊದಲ ಆರೂ ಮಲಗಿಸಿ ತೆಗೆದವು, ಎರಡೂ ಆಪರೇಶನ್‌ಗಳ ಹಿಂದಿನವು ಮುಂದಿನವು ಸೇರಿ. ಏಳನೆಯದನ್ನು ನಾವು ನಿಲ್ಲಿಸಿ ತೆಗೆಸಿದೆವು. ಅದರಲ್ಲಿ ಅವ್ವ ಎಡಗೈಯಲ್ಲಿ ಸ್ಟ್ಯಾಂಡು ಹಿಡಿದಿರುವುದು ಅಂಚಿನಲ್ಲಿ ಕಾಣುತ್ತದೆ, ಬೆರಳಿನ ಮೂಳೆಗಳ ನಡುವೆ ಉಂಗುರವೂ ಕಾಣುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಬಹುದು, ಮನೆಯವರ ಒಪ್ಪಿಗೆ ಇದೆ.

ಹಿಂದಿನ ಗೋಡೆಯ ಹತ್ತಿರ ತೊಲೆಗೆ ಗೌಂಡಿಯ ತೂಕದ ಗುಂಡು ಇಳಿಬಿಟ್ಟಿದ್ದೇನೆ. ಬೆನ್ನಿನ ಆಪರೇಶನ್ ಆದವರು, ಆದವರ ಮಕ್ಕಳು, ಸುಮ್ಮನೆ ನೋಡಬೇಕೆಂದವರೂ ಚಹಾ ಆದ ಮೇಲೆ ಚಪ್ಪಲಿ ಬಿಟ್ಟು ಅಲ್ಲಿಗೆ ಬನ್ನಿ. ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿ, ತಲೆಯ ಹಿಂಭಾಗ ಗೋಡೆಗೆ ಎಷ್ಟು ದೂರ ಉಳಿಯುತ್ತದೆ ನೋಡೋಣ. ಮೊಣಕಾಲು ಮಡಚಬಾರದು. ನಾನು ಪಟ್ಟಿ ಹಿಡಿದು ಅಲ್ಲೇ ಇರುತ್ತೇನೆ.